ಮುಸುಕಿನ ಕುಸ್ತಿಗೆ ಕ್ಯಾಮೆರಾ ಹಿಡಿದ ವರ್ಷಗಳು

ಸ್ಟುಡಿಯೋದ ಬಾಗಿಲು ಹಾಕಿ ಬಹಳ ವರ್ಷಗಳಾದವು. ಈಗಲೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡ ಹೊಸಬರು ಒಬ್ಬಿಬ್ಬರು ಮನೆಗೆ ಬಂದು, "ಕಾಕಾ, ಕುಸ್ತಿ ಫೋಟೊ ಹೆಂಗ ತಗೀಬೇಕ್ರಿ?" ಎಂದು ಕೇಳುತ್ತಾರೆ. ಬೆಳಕಿನ ವಿಷಯ, ನಿಲ್ಲುವ ಜಾಗದ ವಿಷಯ ಹೇಳಿ, ಚಹಾ ಕುಡಿಸಿ ಕಳಿಸುತ್ತೇನೆ. ಅವರು ಹೋದ ಮೇಲೆ ಹೇಳದೇ ಉಳಿದದ್ದು ಮನಸ್ಸಿನಲ್ಲಿ ಸುತ್ತುತ್ತಿರುತ್ತದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಎಪ್ಪತ್ತರ ದಶಕದಲ್ಲಿ ಬಾಗಲಕೋಟೆಯ ಹಳೇ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಮದುವೆ, ಜಾವಳ, ಸಾಲಿ ಪರೀಕ್ಷೆಯ ಅರ್ಜಿಗೆ ಬೇಕಾದ ಫೋಟೊ, ಕೆಲವೊಮ್ಮೆ ಕುರ್ಚಿಯಲ್ಲಿ ಕೂರಿಸಿದ ಹೆಣದ ಫೋಟೊ, ಇದೇ ನನ್ನ ಕೆಲಸ. ಒಂದು ದಿನ ಬಸಲಿಂಗಪ್ಪ ಎಂಬವರು ಜೀಪಿನಲ್ಲಿ ಬಂದು ಇಳಿದರು. ಅವರದು ಊರಿಂದೂರಿಗೆ ಹೋಗುವ ಟೂರಿಂಗ್ ಟಾಕೀಸು. ಮುಂಬಯಿಗೆ ಹೋದಾಗ ಹಗ್ಗ ಕಟ್ಟಿದ ರಿಂಗಿನೊಳಗೆ ಆಡುವ ಫ್ರೀಸ್ಟೈಲ್ ಕುಸ್ತಿ ನೋಡಿ ಅವರಿಗೆ ಹುಚ್ಚು ಹಿಡಿದಿತ್ತು.

"ಗುರಣ್ಣ, ಸಿನೆಮಾ ಸುರು ಆಗೂಕಿಂತ ಮೊದ್ಲ ಸಂಜಿಮುಂದ ಕುಸ್ತಿ ಆಡ್ಸ್ತೇನಿ. ಡೇರೆ ಮುಂದ ಹಚ್ಚಾಕ ಫೋಟೊ ಬೇಕು. ಮಂದಿ ನೋಡಿದ ಕೂಡ್ಲೆ ಒಳಗ ಬರಬೇಕು, ಅಂಥಾ ಫೋಟೊ," ಎಂದರು.

ಆವತ್ತಿನಿಂದ ಹತ್ತು ಹನ್ನೆರಡು ವರ್ಷ ಅವರೇ ನನಗೆ ಮಾಲಕರು.

ಎಣ್ಣೆ ಡ್ರಮ್ಮಿನ ಮೇಲೆ ಗಟ್ಟಿ ಹಲಗೆ ಜೋಡಿಸಿ, ಅದರ ಮೇಲೆ ಹತ್ತಿ ಗಾದಿ ಹಾಸಿ, ಸುತ್ತಲೂ ಬಟ್ಟೆ ಸುತ್ತಿದ ಹಗ್ಗ ಬಿಗಿದರೆ ರಿಂಗ್ ಸಿದ್ಧವಾಗುತ್ತಿತ್ತು. ಕುಸ್ತಿಯವರು ಆರೇಳು ಮಂದಿ ಇದ್ದರೂ ಜನ ಬರುತ್ತಿದ್ದದ್ದು ಇಬ್ಬರಿಗಾಗಿ. ಒಬ್ಬ ಇಳಕಲ್ಲಿನ ಈರಪ್ಪ. ನೇಕಾರರ ಮನೆಯವನು, ಗರಡಿಯಲ್ಲಿ ಬೆಳೆದವನು, ಖರೇ ಕುಸ್ತಿಯಲ್ಲಿ ಹೆಗಲು ಮುರಿದುಕೊಂಡ ಮೇಲೆ ಇಲ್ಲಿಗೆ ಬಂದವನು. ಅವನು ಒಳ್ಳೆಯವನ ಪಾತ್ರ. ಇನ್ನೊಬ್ಬ ಕರೀ ಮುಸುಕಿನ ದುಷ್ಟ. ಅವನು ಯಾರೆಂದು ಯಾರಿಗೂ ಗೊತ್ತಾಗಬಾರದು ಎಂಬುದು ಮಾಲಕರ ಕಟ್ಟಾಜ್ಞೆ. ಈಗ ಹೇಳಬಹುದು, ಅವನು ಹುನಗುಂದದ ಟೇಲರ್ ಖಾಸೀಮ. ಇಬ್ಬರೂ ಒಂದೇ ಗರಡಿಯ ಗೆಳೆಯರು.

ಮೊದಲ ಆಟದ ದಿನ ನನಗೆ ಇದು ಯಾವುದೂ ತಿಳಿದಿರಲಿಲ್ಲ. ರಿಂಗಿನ ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೆ. ಮುಸುಕಿನವನು ಈರಪ್ಪನನ್ನು ಅನಾಮತ್ತಾಗಿ ತಲೆಯ ಮೇಲೆತ್ತಿದ. ಜನ ಬೈಯುತ್ತಿದ್ದರು. ನಾನು ನಿಜಕ್ಕೂ ಹೆದರಿ ಫೋಟೊ ತೆಗೆಯುವುದನ್ನೇ ಮರೆತೆ. ಆಗ ಮುಸುಕಿನ ಒಳಗಿಂದ ಸಣ್ಣ ದನಿ ಬಂತು.

"ಫೋಟೊ ತಗೀರಿ ಲಗೂನ. ಕೈ ಸೋಲಾಕತ್ತಾವ."

ಮೇಲೆ ಮಲಗಿದಂತಿದ್ದ ಈರಪ್ಪನೂ ಕಣ್ಣು ತೆರೆದು, "ಬಲ್ಬ್ ಹಚ್ಚೀರಿಲ್ಲೋ ನೋಡ್ಕೋರಿ," ಎಂದ. ನೋಡಿದರೆ ಫ್ಲ್ಯಾಷಿನಲ್ಲಿ ಸುಟ್ಟ ಬಲ್ಬೇ ಇತ್ತು. ನಾನು ಹೊಸದನ್ನು ಸಿಕ್ಕಿಸುವವರೆಗೆ ಖಾಸೀಮ ಅವನನ್ನು ಹೊತ್ತು ರಿಂಗಿನ ಸುತ್ತ ನಡೆದ. ಅಬ್ಬಾ, ಎಂಥ ರಾಕ್ಷಸ ಎಂದು ಜನ ಬೆರಗಾದರು. ಆ ಚಿತ್ರ ಚೆನ್ನಾಗಿ ಬಂತು, ಡೇರೆಯ ಮುಂದೆ ಹಲವು ವರ್ಷ ತೂಗಾಡಿತು.

ತಪ್ಪುಗಳಿಗೇನೂ ಕಡಿಮೆ ಇರಲಿಲ್ಲ. ನನ್ನ ಆ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದ ಮೇಲೆ ನಾವೇ ನೆನಪಿಟ್ಟು ರೀಲು ಸುತ್ತಬೇಕಿತ್ತು. ಮರೆತರೆ ಒಂದರ ಮೇಲೆ ಇನ್ನೊಂದು ಬೀಳುತ್ತಿತ್ತು. ಒಮ್ಮೆ ಕಲಾದಗಿಯಲ್ಲಿ ಬೆಳಿಗ್ಗೆ ಮದುವೆ, ಸಂಜೆ ಕುಸ್ತಿ. ಅಕ್ಷತೆ ಬೀಳುವ ಚಿತ್ರ ತೆಗೆದು ಗಡಿಬಿಡಿಯಲ್ಲಿ ಹಾಗೇ ಎದ್ದು ಬಂದಿದ್ದೆ. ವಾರದ ನಂತರ ಮದುಮಗಳ ತಂದೆ ಫೋಟೊ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದರು. ಸಿಟ್ಟಾಗಲಿಲ್ಲ. ಕುರ್ಚಿಯಲ್ಲಿ ಕೂತು ಬಹಳ ಸಮಾಧಾನದಿಂದ ಕೇಳಿದರು.

"ಗುರಣ್ಣ, ಎರಡೂ ಕಡೆ ಬೀಗರನ್ನ ಕೇಳೇನಿ. ಯಾರಿಗೂ ಗುರುತು ಹತ್ತವಲ್ದು. ನಮ್ಮ ಅಕ್ಷತಾದಾಗ ಕಾಕಾರ ಹೆಗಲ ಮ್ಯಾಲೆ ನಿಂತಾನಲ್ಲ, ಈ ಮುಸುಕಿನವ ಯಾವ ಊರಾಂವ?"

ಇದನ್ನು ಖಾಸೀಮನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, "ಅಷ್ಟ ಮಂದಿಯೊಳಗ ನನಗೂ ಜಾಗಾ ಸಿಕ್ತು ನೋಡ್ರಿ," ಎಂದ.

ಯಾಕೆ ಹಾಗೆಂದ ಎಂದು ತಿಳಿಯಬೇಕಾದರೆ ಮಾಲಕರ ಕಟ್ಟಳೆಗಳನ್ನು ಹೇಳಬೇಕು. ಖಾಸೀಮನ ಮುಸುಕಿಲ್ಲದ ಮುಖದ ಫೋಟೊ ತೆಗೆಯಬಾರದು. ರಿಂಗಿನ ಹೊರಗೆ ಈರಪ್ಪ ಮತ್ತು ಅವನು ಜೊತೆಗಿರುವ ಫೋಟೊ ತೆಗೆಯಬಾರದು. ಬದಾಮಿಗೆ ಹೋಗಲಿ, ಕಲಾದಗಿಗೆ ಹೋಗಲಿ, ಊರು ಇನ್ನೂ ದೂರವಿರುವಾಗಲೇ ಖಾಸೀಮನನ್ನು ಲಾರಿಯಿಂದ ಇಳಿಸುತ್ತಿದ್ದರು. ಅವನು ಬಸ್ಸಿನಲ್ಲೋ ಚಕ್ಕಡಿಯಲ್ಲೋ ಬೇರೆಯಾಗಿ ಬರಬೇಕು, ಬೇರೆ ಖಾನಾವಳಿಯಲ್ಲಿ ಉಣ್ಣಬೇಕು. ತನ್ನ ಸ್ವಂತ ಊರಿನಲ್ಲಿ ಆಟವಿದ್ದಾಗ ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಕೂತು ಬಟ್ಟೆ ಹೊಲಿದು, "ಮುಸುಕಿನವನ ಸೊಂಟಾ ಮುರೀಬೇಕ್ರಲೇ," ಎಂದು ಗಿರಾಕಿಗಳ ಜೊತೆ ತಾನೂ ಬೈದು, ಆಮೇಲೆ ಹಿಂದಿನ ಬಾಗಿಲಿಂದ ಡೇರೆಗೆ ಬರುತ್ತಿದ್ದ.

ಬದಾಮಿಯಲ್ಲಿ ಒಮ್ಮೆ ಕೆರೆಯ ದಂಡೆಯ ಕೆಂಪು ಬಂಡೆಗಳ ಮುಂದೆ ಖಾಸೀಮನನ್ನು ನಿಲ್ಲಿಸಿ ಜಾಹೀರಾತಿನ ಫೋಟೊ ತೆಗೆಯಲು ಹೋಗಿದ್ದೆವು. ಬೆವರು ಒರೆಸಿಕೊಳ್ಳಲೆಂದು ಅವನು ಮುಸುಕು ತೆಗೆದು ಕಲ್ಲಿನ ಮೇಲಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಮಂಗವೊಂದು ಅದನ್ನು ಎತ್ತಿಕೊಂಡು ಬಂಡೆಯ ನೆತ್ತಿಗೆ ಹೋಗಿ ಕೂತಿತು. ಖಾಸೀಮ ಟವೆಲಿನಲ್ಲಿ ಮುಖ ಸುತ್ತಿಕೊಂಡು ಕುಕ್ಕರಿಸಿದ. ಮಾಲಕರು ಪೇರಲ ಹಣ್ಣಿನ ಬುಟ್ಟಿಯನ್ನೇ ಕೊಂಡು ತಂದು ಒಂದೊಂದಾಗಿ ಎಸೆದರು. ಮಂಗ ಹಣ್ಣು ತಿಂದಿತು, ಮುಸುಕನ್ನು ಮೂಸಿ ನೋಡಿತು, ಹಲ್ಲಿನಿಂದ ಹರಿದು ಕೆಳಗೆ ಚೆಲ್ಲಿತು. ಆಟಕ್ಕೆ ಮುಂಚೆ ಖಾಸೀಮ ಡೇರೆಯ ಹಿಂದೆ ಸೂಜಿ ದಾರ ಹಿಡಿದು ಅದನ್ನು ಹೊಲಿಯುತ್ತ ಕೂತಿದ್ದ. ಈರಪ್ಪ ಪಕ್ಕದಲ್ಲಿ ಕೂತು, "ಸೂಜಿ ನನಗ ಕೊಡಲೇ, ನಾ ನೇಕಾರ," ಎನ್ನುತ್ತಿದ್ದ. "ನೇಯಾಂವ ನೇಯಬೇಕು, ಹೊಲಿಯಾಂವ ಹೊಲಿಬೇಕು. ಸುಮ್ಮ ಕುಂಡ್ರು ಈರ್ಯಾ," ಎಂದು ಅವನು ಗದರುತ್ತಿದ್ದ. ನನ್ನ ಕೊರಳಲ್ಲಿ ಕ್ಯಾಮೆರಾ ಇತ್ತು. ಮಾಲಕರು ಎದುರಿಗೇ ನಿಂತಿದ್ದರು.

ಹೊಸಬರೇ, ನನ್ನ ಹತ್ತಿರ ಸಾವಿರಗಟ್ಟಲೆ ಕುಸ್ತಿ ಚಿತ್ರಗಳಿದ್ದವು. ಆದರೆ ಒಂದು ಮಧ್ಯಾಹ್ನ ಶಿವಯೋಗ ಮಂದಿರದ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಲಾರಿ ನಿಲ್ಲಿಸಿ, ಜಳಕ ಮಾಡಿ, ರೊಟ್ಟಿ ಬುತ್ತಿ ಬಿಚ್ಚಿ ಉಂಡೆವು. ಉಂಡ ಮೇಲೆ ಅವರಿಬ್ಬರೂ ಮರಳಿನಲ್ಲಿ ಸುಮ್ಮನೆ ಆಟಕ್ಕೆ ಕೈ ಹಿಡಿದರು. ಯಾರನ್ನು ಯಾರು ಕೆಡವಬೇಕೆಂದು ಯಾರೂ ಹೇಳಿರಲಿಲ್ಲ. ಹಣೆಗೆ ಹಣೆ ಹಚ್ಚಿ ನಿಂತವರು ಬಹಳ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ಯಾವಾಗಲೋ ಒಮ್ಮೆ ಈರಪ್ಪನ ಕಾಲು ಮಿಂಚಿನಂತೆ ಹೋಯಿತು, ಖಾಸೀಮ ಮರಳಿಗೆ ಬಿದ್ದು ನಗತೊಡಗಿದ. ಅಷ್ಟು ವರ್ಷಗಳಲ್ಲಿ ನಾನು ನೋಡಿದ ಖರೇ ಕುಸ್ತಿ ಅದೊಂದೇ. ಅದರ ಚಿತ್ರ ನನ್ನ ಬಳಿ ಇಲ್ಲ.

ಎಂಬತ್ತರ ದಶಕ ಬಂದಾಗ ನಮ್ಮ ಕೆಲಸ ಬದಲಾಯಿತು. ಬಲ್ಬು ಸುಡುವ ಫ್ಲ್ಯಾಷ್ ಹೋಗಿ ಬ್ಯಾಟರಿಯ ಫ್ಲ್ಯಾಷ್ ಬಂತು. ಒಮ್ಮೆ ಮಿಂಚಿದರೆ ಅದರ ಬೆನ್ನಿನ ಕೆಂಪು ದೀಪ ಮತ್ತೆ ಹತ್ತುವವರೆಗೆ ಕಾಯಬೇಕು. ಕಲರ್ ಫಿಲ್ಮ್ ಬಂತು. ಕಪ್ಪು-ಬಿಳುಪನ್ನು ನಾನೇ ನನ್ನ ಕತ್ತಲ ಕೋಣೆಯಲ್ಲಿ ತೊಳೆಯುತ್ತಿದ್ದೆ. ಕಲರ್ ರೀಲನ್ನು ಮಾತ್ರ ಹುಬ್ಬಳ್ಳಿಗೆ ಕಳಿಸಿ ದಾರಿ ಕಾಯಬೇಕಾಗಿತ್ತು.

ಕಲರಿನಿಂದ ಒಂದು ತೊಡಕು ಹುಟ್ಟಿಕೊಂಡಿತು. ಆಟದ ಕೊನೆಗೆ ಮುಸುಕಿನವನು ಈರಪ್ಪನ ತಲೆಯನ್ನು ಮೂಲೆಯ ಕಂಬಕ್ಕೆ ಅಪ್ಪಳಿಸಬೇಕು, ಈರಪ್ಪನ ಹಣೆಯಿಂದ ರಕ್ತ ಇಳಿಯಬೇಕು, ಆ ಸಿಟ್ಟಿನಲ್ಲಿ ಅವನು ಎದ್ದು ಗೆಲ್ಲಬೇಕು. ಆ ರಕ್ತ ಎಂದರೆ ಕುಂಕುಮದ ನೀರು. ಇಳಕಲ್ಲಿನಲ್ಲಿ ಈರಪ್ಪನ ಹೆಂಡತಿ ಗಂಗವ್ವ ತನ್ನ ಕೈಯಾರೆ ಕಲಸಿ ಬಾಟ್ಲಿಯಲ್ಲಿ ತುಂಬಿ ಕೊಡುತ್ತಿದ್ದಳು. ಅದರಲ್ಲಿ ಅದ್ದಿದ ಅರಳೆಯನ್ನು ಖಾಸೀಮ ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಹಣೆಯ ಮೇಲೆ ಹಿಂಡುತ್ತಿದ್ದ. ಕಪ್ಪು-ಬಿಳುಪು ಫೋಟೊದಲ್ಲಿ ಅದು ರಕ್ತದಂತೆಯೇ ಕಪ್ಪಾಗಿ ಕಾಣುತ್ತಿತ್ತು. ಕಲರಿನಲ್ಲಿ ಗುಲಾಬಿಯಾಗಿ ಬಂತು. ಡೇರೆಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಹಚ್ಚಿದ ಫೋಟೊ ನೋಡಿ ಜನ ನಗತೊಡಗಿದರು. ಓಕುಳಿಯ ಬಣ್ಣದಲ್ಲೇ ಬೆಳೆದ ಬಾಗಲಕೋಟೆಯವರಿಗೆ ಅದನ್ನು ತೋರಿಸಿ ರಕ್ತ ಎಂದರೆ ನಂಬುತ್ತಾರೆಯೇ?

ಮಾಲಕರು ನಮ್ಮನ್ನೆಲ್ಲ ಕೂರಿಸಿಕೊಂಡರು. "ಮುಂಬಯಿದಾಗ ಬ್ಲೇಡಿನ ಚೂರು ಬೆರಳಿಗೆ ಕಟ್ಕೊಂಡು ಹಣಿ ಮ್ಯಾಲೆ ಸಣ್ಣಂಗ ಎಳೀತಾರ. ಇರಿವಿ ಕಡದಂಗ ಆಗತೈತಿ, ಅಷ್ಟ."

"ನಾ ಒಲ್ಲೆರಿ," ಎಂದ ಖಾಸೀಮ. "ಬಟ್ಟಿ ಕೊಯ್ಯೂ ಕೈ ಇದು. ಮನಶ್ಯಾನ ಕೊಯ್ಯೂದಲ್ಲ."

ನಾನು ಹೇಳಿದೆ, "ಮಾಲಕ್ರ, ಫೋಟೊ ಕಪ್ಪು-ಬಿಳುಪಿನಾಗ ತಗದ್ರ ಆತಲ್ಲ. ಇಲ್ಲಾಂದ್ರ ನನಗ ಸ್ವಲ್ಪ ದಿನಾ ಕೊಡ್ರಿ, ಕಲರಿನಾಗ ರಕ್ತದಂಗ ಕಾಣೂದು ಏನರ ಕಲಸಿ ಕೊಡ್ತೇನಿ."

"ಕಲಸು, ಯಾರ ಬ್ಯಾಡಂತಾರ," ಎಂದು ಅವರು ಎದ್ದು ಹೋದರು.

ಈರಪ್ಪ ಖಾಸೀಮನ ಕಡೆ ತಿರುಗಿ, "ಸುಳ್ಳ ಕುಸ್ತಿ ಅಂದ್ರ ತಡಕೋತೇನಿ. ಗರಡ್ಯಾಗ ಕಲ್ತು ಬಂದು ಸುಳ್ಳ ಆಡಾಕತ್ತೇನಿ, ಅದು ಖರೇನ ಐತಿ. ಆದ್ರ ಮಂದಿ ನನ್ನ ನೋಡಿ ನಗೂದು ತಡಿಯಾಕ ಆಗವಲ್ದು ಖಾಸೀಮ," ಎಂದ.

ನಾನು ಮನೆಗೆ ಬಂದು ಕುಂಕುಮಕ್ಕೆ ಬೆಲ್ಲದ ಪಾಕ ಸೇರಿಸಿ ನೋಡಿದೆ, ಎಲೆಗೆ ಹಾಕುವ ಕಾಚು ಅರೆದು ಸೇರಿಸಿದೆ, ಚಹಾದ ಡಿಕಾಕ್ಷನ್ ಸೇರಿಸಿದೆ. ನನ್ನ ಹಣೆಗೇ ಹಚ್ಚಿಕೊಂಡು ಕೂತು ಹೆಂಡತಿಯ ಕೈಯಿಂದ ಫೋಟೊ ತೆಗೆಸಿದೆ. ಹಾಲು ಹಾಕಲು ಬಂದ ಮುದುಕಿ ನನ್ನನ್ನು ನೋಡಿ ಚರಿಗೆ ಬಿಟ್ಟು ಓಡಿದಳು. ರೀಲನ್ನು ಹುಬ್ಬಳ್ಳಿಗೆ ಕಳಿಸಿ ದಾರಿ ಕಾಯುತ್ತಿದ್ದೆ. ಅಷ್ಟರಲ್ಲಿ ಇಳಕಲ್ಲಿನ ಆಟ ಬಂತು.

ಸ್ವಂತ ಊರಿನಲ್ಲಿ ಈರಪ್ಪನ ಆಟ ಅದೇ ಮೊದಲು. ಓಣಿಗೆ ಓಣಿಯೇ ಮಗ್ಗ ನಿಲ್ಲಿಸಿ ಬಂದಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ, ಡೇರೆಯ ಬಟ್ಟೆಯ ಮೂಲಕ ಹಳದಿ ಬೆಳಕು ಬರುತ್ತಿತ್ತು. ನಾನು ನನ್ನ ಮೂಲೆಯಲ್ಲಿ ನಿಂತಿದ್ದೆ. ಖಾಸೀಮ ರಿಂಗಿಗೆ ಬಂದಾಗ ಅವನ ಬಲಗೈ ಬೆರಳಿಗೆ ಬಿಳಿ ಪಟ್ಟಿ ಇದ್ದದ್ದು ಕಂಡಿತು. ಬಟ್ಟೆ ಹೊಲಿಯುವಾಗ ಸೂಜಿ ಚುಚ್ಚಿರಬೇಕು ಎಂದುಕೊಂಡೆ. ಪಟ್ಟಿಯೊಳಗೆ ಬ್ಲೇಡಿನ ಚೂರಿತ್ತು, ಈರಪ್ಪನೇ ಅವನನ್ನು ಕಾಡಿ ಬೇಡಿ ಒಪ್ಪಿಸಿದ್ದ ಎಂಬುದು ಆಮೇಲೆ ತಿಳಿಯಿತು. "ನಮ್ಮೂರಾಗ ಒಮ್ಮೆ ಮಾಡೂಣು. ನಮ್ಮ ಮಂದಿ ನಗಬಾರ್ದು," ಎಂದಿದ್ದನಂತೆ.

ಈರಪ್ಪನ ತಲೆ ಕಂಬಕ್ಕೆ ಬಡಿದಂತಾಯಿತು. ಇಬ್ಬರೂ ಬಗ್ಗಿದರು. ಖಾಸೀಮನ ಕೈ ಹಣೆಯ ಮೇಲೆ ಹೋಯಿತು. ಬೆವರಿಗೆ ಜಾರಿತೋ, ಈರಪ್ಪನೇ ತಲೆ ಅಲ್ಲಾಡಿಸಿದನೋ, ಗೆರೆ ಹುಬ್ಬಿನವರೆಗೂ ಇಳಿಯಿತು. ಈರಪ್ಪ ತಲೆ ಎತ್ತಿದಾಗ ಅವನ ಎಡಗಣ್ಣು ಕೆಂಪಿನಲ್ಲಿ ಮುಚ್ಚಿಹೋಗಿತ್ತು. ನಾನು ಒಂದು ಚಿತ್ರ ತೆಗೆದೆ. ತೆಗೆದ ಮೇಲೆಯೇ ಅದು ಗುಲಾಬಿ ಅಲ್ಲ ಎಂದು ನನಗೆ ಹೊಳೆದದ್ದು.

ಡೇರೆ ತುಂಬ ಕೂಗು. ಅದೇ ಹೊತ್ತಿಗೆ ಹೆಂಗಸರ ಕಡೆಯಿಂದ ಗಂಗವ್ವ ಎದ್ದು ಬರುತ್ತಿದ್ದಳು. ಅವಳ ಕೈಯಲ್ಲಿ ಕುಂಕುಮ ನೀರಿನ ಬಾಟ್ಲಿ ಇತ್ತು. ಗಂಡ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮರೆತಿರಬೇಕೆಂದು ತಿಳಿದು ಆಟಕ್ಕೆ ಬರುವಾಗ ಅವಳೇ ತಂದಿದ್ದಳು, ಒಳಗೆ ಕೊಡಲು ಯಾರೂ ಸಿಕ್ಕಿರಲಿಲ್ಲ. ಗಂಡನ ಮುಖ ಕೆಂಪಾದದ್ದು ನೋಡಿದಳು, ಕೈಯಲ್ಲಿದ್ದ ತುಂಬಿದ ಬಾಟ್ಲಿ ನೋಡಿದಳು. ಮತ್ತೆ ಗಂಡನನ್ನು ನೋಡಿದಳು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

"ತಗಿ ಗುರಣ್ಣ, ಅಕೀದ ತಗಿ," ಎಂದು ಹಿಂದಿನಿಂದ ಮಾಲಕರು ಹೇಳುತ್ತಿದ್ದರು. ಫ್ಲ್ಯಾಷಿನ ಕೆಂಪು ದೀಪ ಇನ್ನೂ ಹತ್ತಿರಲಿಲ್ಲ. ಅವಳು ನನ್ನನ್ನು ದಾಟಿ ಹಗ್ಗದ ಕೆಳಗೆ ನುಸುಳಿ ಒಳಗೆ ಹೋದಳು.

ಖಾಸೀಮ ಅವಳು ಬರುವುದನ್ನು ನೋಡಿದ. ಸುತ್ತ ಅಷ್ಟು ಜನ ಇದ್ದರು, ಮಾಲಕರು ಇದ್ದರು. ಅವನು ಒಂದು ಗಳಿಗೆಯೂ ತಡಮಾಡದೆ ಮುಸುಕು ಕಿತ್ತು, ಅದನ್ನೇ ಮಡಚಿ ಈರಪ್ಪನ ಹಣೆಗೆ ಒತ್ತಿ ಹಿಡಿದು ಗಾದಿಯ ಮೇಲೆ ಕೂತುಬಿಟ್ಟ.

"ಯಾರ ಕೊಯ್ದ್ರು?" ಎಂದಳು ಗಂಗವ್ವ.

"ನಾನ ಅಕ್ಕಾ," ಎಂದ.

ತಾನೇ ಕೇಳಿಕೊಂಡೆ ಎಂದು ಹೇಳುವ ಸ್ಥಿತಿಯಲ್ಲಿ ಈರಪ್ಪ ಇರಲಿಲ್ಲ. ಹೇಳಬಹುದಾಗಿದ್ದ ಖಾಸೀಮ ಹೇಳಲಿಲ್ಲ. ಅವಳು ಆ ಮುಸುಕನ್ನು ಅವನ ಕೈಯಿಂದ ಎಳೆದು ದೂರ ಒಗೆದು, ತನ್ನ ಸೆರಗು ಒತ್ತಿ ಹಿಡಿದಳು. "ಅಕ್ಕಾ ಅಕ್ಕಾ ಅಂತ ನನ್ನ ಕೈಲೆ ರೊಟ್ಟಿ ಉಂಡೀದಿ. ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ," ಎಂದಳು. ದನಿ ಏರಿಸಲಿಲ್ಲ. ರಿಂಗಿನ ಮೂಲೆಯಲ್ಲಿದ್ದ ನನಗೆ ಮಾತ್ರ ಕೇಳಿಸಿತು.

ಅಷ್ಟರಲ್ಲಿ ಯಾರೋ, "ಏ, ಇವ ಹುನಗುಂದದ ಟೇಲರಲೇ, ಈರಪ್ಪನ ದೋಸ್ತ," ಎಂದರು. ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು. ಇಷ್ಟು ವರ್ಷ ತಮ್ಮನ್ನು ಮೂರ್ಖರನ್ನಾಗಿ ಮಾಡಿದ್ದಾರೆಂದು ಜನಕ್ಕೆ ಸಿಟ್ಟು ಬಂತು. ಬೆಂಚು ಮುರಿದರು, ಡೇರೆಯ ಹಗ್ಗ ಕೊಯ್ದರು. ನಾವು ಈರಪ್ಪನನ್ನು ಮಾಲಕರ ಜೀಪಿನಲ್ಲಿ ದವಾಖಾನಿಗೆ ಸಾಗಿಸಿದೆವು. ಖಾಸೀಮ ಜೀಪಿನ ಹಿಂದೆ ಸ್ವಲ್ಪ ದೂರ ಓಡಿ ಬಂದು ನಿಂತ.

ಮರುದಿನ ಹುಬ್ಬಳ್ಳಿಯಿಂದ ನನ್ನ ಫೋಟೊಗಳು ಬಂದವು. ಕಾಚು ಮತ್ತು ಬೆಲ್ಲದ ಪಾಕ ಸೇರಿಸಿದ್ದರಲ್ಲಿ ಬಣ್ಣ ಸರಿಯಾಗಿ ಕೂತಿತ್ತು. ಯಾರು ನೋಡಿದರೂ ರಕ್ತವೆಂದೇ ಹೇಳಬೇಕು, ಹಾಗಿತ್ತು. ನಾನು ಅವನ್ನು ಯಾರಿಗೂ ತೋರಿಸಲಿಲ್ಲ.

ಆ ಕುಸ್ತಿಯ ಕಥೆ ಅಲ್ಲಿಗೆ ಮುಗಿಯಿತು. ಬಸಲಿಂಗಪ್ಪನವರು ಇದ್ದ ಸಾಮಾನು ಮಾರಿ ಊರು ಬಿಟ್ಟರು. ಕೆಟ್ಟವರು ಎನ್ನಲಾರೆ. ಈರಪ್ಪನ ಔಷಧದ ಖರ್ಚನ್ನು ಹೋಗುವವರೆಗೂ ಅವರೇ ನೋಡಿಕೊಂಡರು. ಆದರೆ ಹುಬ್ಬಿನ ಗಾಯ ಕೀವಾಗಿ ಕಣ್ಣಿಗಿಳಿಯಿತು. ಎಡಗಣ್ಣು ಮಂಜಾಯಿತು, ಬಲಗಣ್ಣಿನ ಮೇಲೂ ಭಾರ ಬಿತ್ತು. ಇಳಕಲ್ಲ ಸೀರೆಯ ಸೆರಗಿನ ಎಳೆ ಎಣಿಸುವ ಕಣ್ಣು ಅದು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಗಂಗವ್ವ ಇಳಿದಳು. ಒಮ್ಮೆ ನಾನು ಹೋದಾಗ ಎಂಥೆಂಥವರನ್ನು ಎತ್ತಿ ಒಗೆದ ಈರಪ್ಪ ಬಾಗಿಲ ಬಳಿ ಕೂತು ಅವಳಿಗೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದ. ನನ್ನನ್ನು ದನಿಯಿಂದ ಗುರುತಿಸಿದ. ಅವಳು ನೀರು ತರಲು ಒಳಗೆ ಹೋದಾಗ ಮೆಲ್ಲಗೆ, "ಖಾಸೀಮ ಹೆಂಗದಾನ್ರಿ?" ಎಂದು ಕೇಳಿದ. ಅವಳು ಹೊರಗೆ ಬಂದಳು, ನಾವು ಮಳೆಯ ಮಾತು ಆಡಿದೆವು.

ಕೆಲವು ವರ್ಷಗಳ ನಂತರ ಈರಪ್ಪ ತೀರಿಕೊಂಡ. ದಿನ ಕರ್ಮವೆಲ್ಲ ಮುಗಿದ ಮೇಲೆ ಗಂಗವ್ವ ಒಬ್ಬಳೇ ಬಸ್ಸು ಹತ್ತಿ ಬಾಗಲಕೋಟೆಗೆ ಬಂದಳು. ಗೋಡೆಗೆ ಹಾಕಲು ಗಂಡನದೊಂದು ಫೋಟೊ ಬೇಕಿತ್ತು.

ನಾನು ಪೆಟ್ಟಿಗೆ ಬಿಚ್ಚಿ ನೆಗೆಟಿವ್ ಒಂದೊಂದಾಗಿ ಬೆಳಕಿಗೆ ಹಿಡಿದೆ. ಈರಪ್ಪನ ಫೋಟೊ ಎಷ್ಟೊಂದು ತೆಗೆದಿದ್ದೆ! ಒಂದರಲ್ಲಿ ಅವನ ಕೊರಳು ಖಾಸೀಮನ ತೋಳಿನಲ್ಲಿ, ಒಂದರಲ್ಲಿ ಕಾಲು ಮೇಲೆ ತಲೆ ಕೆಳಗೆ, ಇನ್ನೊಂದರಲ್ಲಿ ಮುಖದ ತುಂಬ ಬಣ್ಣ. ಒಬ್ಬನೇ ಸುಮ್ಮನೆ ನಿಂತ ಮನುಷ್ಯನ ಚಿತ್ರ ಅಷ್ಟರಲ್ಲಿ ಒಂದೂ ಇರಲಿಲ್ಲ. ಹುಡುಕಿ ಹುಡುಕಿ ಒಂದು ಸಿಕ್ಕಿತು. ಆಟ ಶುರುವಾಗುವ ಮುಂಚಿನದು, ಈರಪ್ಪ ಯಾರನ್ನೋ ನೋಡಿ ನಗುತ್ತಿದ್ದಾನೆ. ಆದರೆ ಅವನ ಹೆಗಲ ಮೇಲೆ ಹಿಂದಿನಿಂದ ಬಂದ ಒಂದು ಕೈ ಇತ್ತು.

"ಅಕ್ಕಾರ, ಇದು ಭಾಳ ಚಲೋ ಐತಿ. ಈ ಕೈ ಕಾಣದಂಗ ಅಳಿಸಿ ಕೊಡ್ತೇನಿ, ಎರಡು ದಿನದ ಕೆಲಸ," ಎಂದೆ.

ಅದರ ಹಳೆಯ ಪ್ರತಿಯನ್ನು ಕೈಗೆ ಕೊಟ್ಟೆ, ಅವಳು ಕಿಟಕಿಯ ಹತ್ತಿರ ಒಯ್ದು ನೋಡಿದಳು.

"ಖಾಸೀಮಂದ?"

"ಹೌದ್ರಿ."

ಬಹಳ ಹೊತ್ತು ನೋಡಿದಳು. "ಇವ್ರ ಹೇಳಿದ್ರು ನನಗ, ನಾನ ಕೊಯ್ಯಿಸ್ಕೊಂಡೆ ಅಂತ. ದವಾಖಾನ್ಯಾಗಿಂದ ಬಂದ ವಾರಕ್ಕ ಹೇಳಿದ್ರು. ಆದ್ರೂ ಅವನ್ನ ಕರೀಲಿಕ್ಕೆ ನನಗ ಬಾಯಿ ಬರ್ಲಿಲ್ಲರಿ. ಇವತ್ತ ನಾಳೆ ಅಂತ ದಿನಾ ಹ್ವಾದುವು," ಎಂದಳು. ಆಮೇಲೆ, "ಕೈ ಇರ್ಲಿ ಬಿಡ್ರಿ. ತಗದ್ರ ಇವ್ರು ಒಬ್ಬರ ನಿಂತಂಗ ಕಾಣಸ್ತಾರ," ಎಂದಳು. ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು, "ಅವ ಸಿಕ್ಕ್ರ ಮನಿಗೆ ಬಾ ಅಂತ ಹೇಳ್ರಿ," ಎಂದಳು.

ನಾನು ತಡಮಾಡದೆ ಹುನಗುಂದಕ್ಕೆ ಹೋದೆ. ಖಾಸೀಮ ಅದೇ ಅಂಗಡಿಯಲ್ಲಿ ಮಶಿನ್ ತುಳಿಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಈರಪ್ಪ ಹೋದ ಸುದ್ದಿ ಅವನಿಗೆ ಗೊತ್ತಿತ್ತು. ಗಂಗವ್ವ ಹೇಳಿ ಕಳಿಸಿದ ಮಾತನ್ನು ಅವಳು ಹೇಳಿದಂತೆಯೇ ಹೇಳಿದೆ, ಫೋಟೊದ ಸಂಗತಿಯನ್ನೂ ಹೇಳಿದೆ. ಅವನು ಮಶಿನ್ ನಿಲ್ಲಿಸಿ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಸುಮ್ಮನೆ ಸವರುತ್ತ ಕೂತ.

"ಎಷ್ಟ ಸಲ ಇಳಕಲ್ಲ ಸ್ಟ್ಯಾಂಡಿನ ತನಕ ಹೋಗಿ ಹೊಳ್ಳಿ ಬಂದೇನಿ, ಗುರಣ್ಣ," ಎಂದ. "ಚಹಾ ಕುಡಿಯೂದು, ಮುಂದಿನ ಬಸ್ಸ ಹತ್ತಿ ಬರೂದು. ಅವ ಇದ್ದಾಗ ಕರದಿದ್ರ ಓಡಿ ಹೋಗ್ತಿದ್ದೆ."

"ಈಗರ ಹೋಗಿ ಬಾರೋ. ಅಕಿ ತಾನಾಗಿ ಕರದಾಳ."

"ಅಕ್ಕ ಕರದಳು, ಅಷ್ಟ ಸಾಕ್ರಿ. ಹೋಗಿ ಗ್ವಾಡಿ ಮ್ಯಾಲಿನ ಫೋಟೊದಾಗ ಅವನ್ನ ನೋಡೂ ಶಕ್ತಿ ನನಗಿಲ್ಲ."

ನಾನು ಮತ್ತೆ ಮತ್ತೆ ಹೇಳಿ ನೋಡಿದೆ. ಅವನು ಹೋಗಲಿಲ್ಲ. ಇಳಕಲ್ಲಿನಲ್ಲಿ ಗಂಗವ್ವ ಒಂದಷ್ಟು ಹಬ್ಬಗಳಿಗೆ ದಾರಿ ನೋಡಿ, ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟಳು.